ಕಲಿಯಲು ಅತಿ ಕಠಿಣ, ಅತಿ ಅಮೂರ್ತ ವಿಷಯ ಯಾವುದು?

ಪ್ರಶ್ನೆ

ಕಲನಶಾಸ್ತ್ರ, ಮ್ಯಾಟ್ರಿಕ್ಸ್ ಲೆಕ್ಕಗಳು ಕೈಗೆ ಹತ್ತಿವೆ. ಮುಂದೆ ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ಕಟ್ಟುನಿಟ್ಟಾದ ಸಾಧನೆಗಳು), ಅಬ್‌ಸ್ಟ್ರಾಕ್ಟ್ ಆಲ್ಜೀಬ್ರಾ (ಗ್ರೂಪ್‌ನಂಥ ರಚನೆಗಳ ಗಣಿತ), ಕ್ವಾಂಟಮ್ ಮೆಕ್ಯಾನಿಕ್ಸ್ ಮೂರನ್ನೂ ಸ್ವಂತವಾಗಿ ಓದಬೇಕೆಂದಿದ್ದೇನೆ. ಯಾವುದು ಹೆಚ್ಚು ಕಷ್ಟ? ಪಠ್ಯ ಎಷ್ಟು ದಪ್ಪ ಅನ್ನುವುದಲ್ಲ, ಹಿಡಿಯಲು ಏನೂ ಸಿಗದೆ ಓದು ನಿಂತುಹೋಗುವ ಜಾಗ ಯಾವುದು, ಅಲ್ಲಿ ಏನು ಮಾಡಬೇಕು ಅಂತ ತಿಳಿಯಬೇಕು. ಕೆಟಗರಿ ಥಿಯರಿಯಿಂದ (ಗಣಿತದ ಬೇರೆಬೇರೆ ರಚನೆಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಒಟ್ಟಾಗಿ ನೋಡುವ ಶಾಖೆ) ಶುರುಮಾಡಿದರೆ ಉಳಿದದ್ದೆಲ್ಲ ಸಲೀಸು ಎನ್ನುತ್ತಾರೆ, ನಿಜವೇ?

ಉತ್ತರ 1

ನನ್ನ ಮತ ಆಲ್ಜೀಬ್ರಾಕ್ಕೆ, ಅದರಲ್ಲೂ ಕೋಶಂಟ್ ಗ್ರೂಪ್ ಅಧ್ಯಾಯಕ್ಕೆ. ಗ್ರೂಪ್ ಎಂದರೆ ಅಂಶಗಳನ್ನು ಒಂದಕ್ಕೊಂದು 'ಗುಣಿಸಲು', ಆ ಗುಣಾಕಾರವನ್ನು ಹಿಂದಿರುಗಿಸಲು ಬರುವ ಗಣ. ಸಬ್‌ಗ್ರೂಪ್ ಎಂದರೆ ಅದರೊಳಗಿನ ಚಿಕ್ಕ ಗ್ರೂಪ್. ಅಲ್ಲಿಯವರೆಗೆ ಗ್ರೂಪಿನ ಅಂಶಗಳೆಂದರೆ ಸಂಖ್ಯೆಗಳೋ ಅದಲುಬದಲುಗಳೋ ಆಗಿರುತ್ತವೆ. ಇಲ್ಲಿ ಇದ್ದಕ್ಕಿದ್ದಂತೆ ಒಂದು ಇಡೀ ಗಣವೇ (ಕೋಸೆಟ್, ಅಂದರೆ ಒಂದು ಅಂಶವನ್ನು ಸಬ್‌ಗ್ರೂಪಿನ ಎಲ್ಲ ಅಂಶಗಳೊಂದಿಗೆ ಗುಣಿಸಿದಾಗ ಬರುವ ಗಣ) ಒಂದು ಅಂಶವಾಗಿಬಿಡುತ್ತದೆ. ಎರಡು ಕೋಸೆಟ್‌ಗಳನ್ನು ಗುಣಿಸಲು ಪ್ರತಿಯೊಂದರಿಂದ ಒಂದೊಂದು ಪ್ರತಿನಿಧಿ ತೆಗೆದು ಗುಣಿಸುತ್ತೇವೆ. ಬೇರೆ ಪ್ರತಿನಿಧಿ ತೆಗೆದರೂ ಉತ್ತರ ಅದೇ ಕೋಸೆಟ್‌ನಲ್ಲಿ ಬೀಳಬೇಕು. ನಾರ್ಮಲ್ ಸಬ್‌ಗ್ರೂಪ್ (ಎಡದಿಂದ ಗುಣಿಸಿದರೂ ಬಲದಿಂದ ಗುಣಿಸಿದರೂ ಒಂದೇ ಕೋಸೆಟ್ ಕೊಡುವ ಸಬ್‌ಗ್ರೂಪ್) ಬೇಕಾಗುವುದು ಇದಕ್ಕಾಗಿಯೇ. ಇದು ಸರಿಹೋಗುವ ಉದಾಹರಣೆಗಳನ್ನಷ್ಟೇ ನೋಡಿದವರಿಗೆ ಆ ಷರತ್ತು ಯಾಕೆಂದು ತಿಳಿಯುವುದೇ ಇಲ್ಲ. ಕೆಟ್ಟುಹೋಗುವ ಉದಾಹರಣೆಯನ್ನೇ ಮೊದಲು ಮಾಡಿ.

1, 2, 3ರ ಕ್ರಮಪಲ್ಲಟನೆಗಳು ಒಟ್ಟು 6. 'ಏನೂ ಮಾಡದಿರುವುದು' ಮತ್ತು '1–2 ಅದಲುಬದಲು' ಇವೆರಡರ ಸಬ್‌ಗ್ರೂಪ್ ತೆಗೆದುಕೊಳ್ಳಿ. '1–3 ಅದಲುಬದಲು' ಇರುವ ಎಡ ಕೋಸೆಟ್‌ನಲ್ಲಿ ಎರಡು ಅಂಶ: ಅದು ಒಂದು, ಮೊದಲು 1–2 ಆಮೇಲೆ 1–3 ಬದಲಿಸಿದಾಗ ಬರುವ ಚಕ್ರ (1ರಿಂದ 2ಕ್ಕೆ, 2ರಿಂದ 3ಕ್ಕೆ, 3ರಿಂದ 1ಕ್ಕೆ) ಇನ್ನೊಂದು. ಈಗ ಈ ಕೋಸೆಟ್‌ನ ವರ್ಗ ಮಾಡಿ. ಮೊದಲ ಪ್ರತಿನಿಧಿಯನ್ನು ಎರಡು ಸಲ ಮಾಡಿದರೆ ಎಲ್ಲವೂ ಇದ್ದಲ್ಲಿಗೇ ಬರುತ್ತದೆ, ಉತ್ತರ ಸಬ್‌ಗ್ರೂಪಿನೊಳಗಿದೆ. ಚಕ್ರವನ್ನು ಎರಡು ಸಲ ಮಾಡಿದರೆ ಉಲ್ಟಾ ಚಕ್ರ ಬರುತ್ತದೆ, ಅದು ಸಬ್‌ಗ್ರೂಪಿನ ಹೊರಗೆ. ಒಂದೇ ಪ್ರಶ್ನೆಗೆ ಎರಡು ಉತ್ತರ! ಬದಲಿಗೆ ಮೂರು ಅಂಶಗಳ ಸಬ್‌ಗ್ರೂಪ್ (ಎರಡು ಚಕ್ರ ಮತ್ತು 'ಏನೂ ಮಾಡದಿರುವುದು') ಹಿಡಿದು ಇದೇ ಲೆಕ್ಕ ಮಾಡಿ, ಎಲ್ಲೂ ತಪ್ಪುವುದಿಲ್ಲ. ಈ ಎರಡು ಕೋಷ್ಟಕಗಳನ್ನು ಕೈಯಾರೆ ಬರೆಯದೆ ಐಸೋಮಾರ್ಫಿಸಂ ಪ್ರಮೇಯಗಳಿಗೆ (ಎರಡು ಗ್ರೂಪ್‌ಗಳ ರಚನೆ ಒಂದೇ ಎಂದು ತೋರಿಸುವವು) ಹೋಗಬೇಡಿ.

ಉತ್ತರ 2

ಆಲ್ಜೀಬ್ರಾದಲ್ಲಿ ಕನಿಷ್ಠ ಕೋಷ್ಟಕ ಬರೆದು ನೋಡಬಹುದು. ಅನಾಲಿಸಿಸ್‌ನಲ್ಲಿ ಕಾಲು ಜಾರುವುದು 'ಪ್ರತಿಯೊಂದಕ್ಕೂ', 'ಒಂದಾದರೂ ಇದೆ' ಎಂಬ ಮಾತುಗಳ ಕ್ರಮದಲ್ಲಿ.

ಎಕ್ಸ್‌ನ ವರ್ಗವು 3ರ ಬಳಿ ನಿರಂತರ ಎಂದು ತೋರಿಸಬೇಕು ಅನ್ನಿ. ಅಂದರೆ ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ ಒಂದು ಡೆಲ್ಟಾ ಸಿಗಬೇಕು: ಎಕ್ಸ್ 3ರಿಂದ ಡೆಲ್ಟಾಕ್ಕಿಂತ ಕಡಿಮೆ ದೂರದಲ್ಲಿದ್ದರೆ ಎಕ್ಸ್ ವರ್ಗ 9ರಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರಬೇಕು. ಕಚ್ಚಾ ಹಾಳೆಯಲ್ಲಿ ಹಿಂದಿನಿಂದ ಬನ್ನಿ: ಎಕ್ಸ್ ವರ್ಗಕ್ಕೂ 9ಕ್ಕೂ ಇರುವ ಅಂತರವೆಂದರೆ (ಎಕ್ಸ್ − 3) ಮತ್ತು (ಎಕ್ಸ್ + 3)ರ ಗುಣಲಬ್ಧದ ಗಾತ್ರ. ಡೆಲ್ಟಾ 1ನ್ನು ಮೀರದಿದ್ದರೆ ಎರಡನೆಯದು 7ಕ್ಕಿಂತ ಕಡಿಮೆ. ಹಾಗಾಗಿ 1 ಮತ್ತು ಎಪ್ಸಿಲಾನ್‌ನ ಏಳನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದ್ದು ಡೆಲ್ಟಾ. ಸಾಧನೆಯನ್ನು ಮಾತ್ರ ಮುಂದಿನಿಂದ ಬರೆಯಿರಿ. ಸಾಮಾನ್ಯ ತಪ್ಪೆಂದರೆ ಎಪ್ಸಿಲಾನನ್ನು (ಎಕ್ಸ್ + 3)ರಿಂದ ಭಾಗಿಸಿ ಅದನ್ನೇ ಡೆಲ್ಟಾ ಎನ್ನುವುದು. ಡೆಲ್ಟಾ ಎಕ್ಸ್ ಅನ್ನು ಅವಲಂಬಿಸುವಂತಿಲ್ಲ.

ಈಗ 3ರ ಜಾಗದಲ್ಲಿ 1000 ಇಡಿ: 7 ಹೋಗಿ 2001 ಬರುತ್ತದೆ. ಬಿಂದು ದೂರ ಹೋದಷ್ಟೂ ಡೆಲ್ಟಾ ಕುಗ್ಗುತ್ತಲೇ ಇರಬೇಕು, ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ ಡೆಲ್ಟಾ ಸಿಗದು. ಅಂದರೆ ನಿರಂತರತೆ ಇದೆ, ಏಕರೂಪ ನಿರಂತರತೆ ಇಲ್ಲ. 0ಯಿಂದ 10ರವರೆಗೆ ಮಾತ್ರ ನೋಡಿದರೆ ಎಪ್ಸಿಲಾನ್‌ನ ಇಪ್ಪತ್ತನೇ ಒಂದು ಭಾಗ ಎಲ್ಲ ಕಡೆಗೂ ಸಾಕು. ಈ ಒಂದು ಲೆಕ್ಕ ನಿಜಕ್ಕೂ ಅರ್ಥವಾದರೆ ಮೊದಲ ಅರ್ಧ ಪಠ್ಯದ ಭಯ ಹೋಗುತ್ತದೆ.

ಉತ್ತರ 3

ಕ್ವಾಂಟಮ್‌ನ ಗಣಿತ ಇವೆರಡಕ್ಕಿಂತ ಸುಲಭ, ಬಹುಪಾಲು ಲೀನಿಯರ್ ಆಲ್ಜೀಬ್ರಾನೇ. ತೊಡಕಿರುವುದು ಅರ್ಥದಲ್ಲಿ. ತರಂಗ ಸಮೀಕರಣದಿಂದ ಶುರುಮಾಡಿದವರು ಡಿಫರೆನ್ಷಿಯಲ್ ಸಮೀಕರಣ ಬಿಡಿಸುವುದರಲ್ಲೇ ಕಳೆದುಹೋಗುತ್ತಾರೆ. ನೀವು ಸ್ಪಿನ್-ಅರ್ಧದಿಂದ (ಅಳೆದಾಗ 'ಮೇಲೆ', 'ಕೆಳಗೆ' ಎಂಬ ಎರಡೇ ಫಲಿತಾಂಶ ಕೊಡುವ ಕಣದ ಗುಣ) ಶುರುಮಾಡಿ, ಅಲ್ಲಿ ಬೇಕಾಗುವುದು ಎರಡೇ ಆಯಾಮ. 1922ರ ಸ್ಟರ್ನ್–ಗೆರ್ಲಾಕ್ ಪ್ರಯೋಗದಂಥ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಕಿರಣ ಎರಡಾಗಿ ಸೀಳುವ) ಸಾಧನಗಳನ್ನು ಸಾಲಾಗಿ ಇಟ್ಟು ಲೆಕ್ಕ ಹಾಕಿ.

ಹೆಚ್ಚಿನವರ ತಪ್ಪು: ಸೂಪರ್‌ಪೊಸಿಷನ್ (ಎರಡು ಸ್ಥಿತಿಗಳನ್ನು ಕೂಡಿಸಿದ ಸ್ಥಿತಿ) ಎಂದರೆ 'ಮೇಲೋ ಕೆಳಗೋ ನಮಗೆ ಗೊತ್ತಿಲ್ಲ' ಎಂದು ತಿಳಿಯುವುದು. ಲಂಬ ದಿಕ್ಕಿನ 'ಮೇಲೆ', 'ಕೆಳಗೆ' ಎರಡನ್ನೂ ಸಮವಾಗಿ ಕೂಡಿಸಿ ಎರಡರ ವರ್ಗಮೂಲದಿಂದ ಭಾಗಿಸಿದ ಸ್ಥಿತಿಯನ್ನು ಅಡ್ಡ ದಿಕ್ಕಿನಲ್ಲಿ ಅಳೆದರೆ 100ಕ್ಕೆ 100 ಒಂದೇ ಫಲಿತಾಂಶ. ಅರ್ಧ 'ಮೇಲೆ', ಅರ್ಧ 'ಕೆಳಗೆ' ಬೆರೆಸಿದ ಕಣಗಳ ಗುಂಪನ್ನು ಅದೇ ದಿಕ್ಕಿನಲ್ಲಿ ಅಳೆದರೆ ಅರ್ಧಕ್ಕರ್ಧ. ಲಂಬ ದಿಕ್ಕಿನಲ್ಲಷ್ಟೇ ಅಳೆದರೆ ಎರಡಕ್ಕೂ ವ್ಯತ್ಯಾಸವೇ ಕಾಣದು, ಗೊಂದಲ ಹುಟ್ಟುವುದು ಅಲ್ಲೇ.

ಉತ್ತರ 1 ಬರೆದವರಿಂದ

ಕೆಟಗರಿ ಥಿಯರಿ ಬಗ್ಗೆ ಹೇಳುವುದು ಬಿಟ್ಟಿದ್ದೆ. ಅದರಿಂದ ಶುರುಮಾಡಬೇಡಿ. 1945ರಲ್ಲಿ ಗಣಿತಜ್ಞರಾದ ಐಲೆನ್‌ಬರ್ಗ್, ಮ್ಯಾಕ್‌ಲೇನ್ ಅದನ್ನು ಮಂಡಿಸಿದ್ದೇ ಟೊಪಾಲಜಿಯಲ್ಲಿ (ಆಕಾರಗಳನ್ನು ಹಿಗ್ಗಿಸಿದರೂ ಬಾಗಿಸಿದರೂ ಉಳಿಯುವ ಗುಣಗಳ ಗಣಿತ) ಆಗಲೇ ಇದ್ದ ರಚನೆಗಳನ್ನು ಹೋಲಿಸಲು. ಗಣಗಳ ಗುಣಲಬ್ಧ, ಗ್ರೂಪುಗಳ ಗುಣಲಬ್ಧ, ಟೊಪಾಲಜಿಕಲ್ ಸ್ಪೇಸ್‌ಗಳ ಗುಣಲಬ್ಧ ಮೂರನ್ನೂ ಬೇರೆಬೇರೆಯಾಗಿ ಕಟ್ಟಿ ನೋಡಿದವರಿಗೆ 'ಯೂನಿವರ್ಸಲ್ ಪ್ರಾಪರ್ಟಿ' (ಒಳಗೇನಿದೆ ಎನ್ನದೆ, ಉಳಿದವುಗಳೊಂದಿಗಿನ ಸಂಬಂಧದಿಂದಲೇ ರಚನೆಯನ್ನು ಗುರುತಿಸುವುದು) ಒಂದು ಬಿಡುಗಡೆ. ನೋಡದವರಿಗೆ ಅದು ಬರೀ ಬಾಣಗಳ ಚಿತ್ರ. ಆಲ್ಜೀಬ್ರಾ, ಅನಾಲಿಸಿಸ್ ಒಟ್ಟಿಗೆ ಓದಿ, ಮ್ಯಾಟ್ರಿಕ್ಸ್‌ನ ಐಗನ್‌ವ್ಯಾಲ್ಯೂ ಲೆಕ್ಕ ಚೆನ್ನಾಗಿ ಬರುವುದಾದರೆ ಕ್ವಾಂಟಮ್ ಅನ್ನು ಈಗಲೇ ತೆಗೆದುಕೊಳ್ಳಬಹುದು.