ಲೈಮನ್ ಬೀಚರ್ ಮೇಲೆ ಮಾನಹಾನಿ ದೂರು: ಪಾದ್ರಿಯನ್ನು ವಿಚಾರಣೆ ಮಾಡಿದ್ದು ಯಾರು?

ಪ್ರಶ್ನೆ (ದಾವಣಗೆರೆಯ ಉಪನ್ಯಾಸಕ)

ಗುಲಾಮಗಿರಿಯ ವಿರುದ್ಧ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ಬಗ್ಗೆ ಬಿ.ಎ. ಮಕ್ಕಳಿಗೆ ಟಿಪ್ಪಣಿ ಸಿದ್ಧ ಮಾಡ್ತಿದ್ದೀನಿ. ಅವರ ತಂದೆ ಲೈಮನ್ ಬೀಚರ್ ಪ್ರೆಸ್ಬಿಟೇರಿಯನ್ ಪಾದ್ರಿ. 1835ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ತಪ್ಪು ಬೋಧನೆ, ಮಾನಹಾನಿ, ಕಪಟ ಅಂತ ಅವರ ಮೇಲೆ ಚರ್ಚೇ ವಿಚಾರಣೆ ನಡೆಸಿತಂತೆ. ಬೋಧನೆಯದ್ದು ಅರ್ಥವಾಯಿತು. ಮಾನಹಾನಿ ಯಾರದ್ದು? ಅದಕ್ಕೆ ಸರ್ಕಾರದ ಕೋರ್ಟ್ ಇರಲಿಲ್ಲವೇ? ಸೋತಿದ್ದರೆ ಜೈಲಾಗುತ್ತಿತ್ತೇ?

ಉತ್ತರ (ಹುಬ್ಬಳ್ಳಿಯ ವಕೀಲ)

ಜೈಲಿನ ಪ್ರಶ್ನೆಯೇ ಇಲ್ಲ ಸರ್. ಅದು ಸಭೆಯ, ಅಂದರೆ ಚರ್ಚಿನ, ಒಳಗಿನ ನ್ಯಾಯ. ಬುದ್ಧಿಮಾತು, ಬಹಿರಂಗ ಖಂಡನೆ, ಅಮಾನತು, ಪಾದ್ರಿ ಪದವಿಯಿಂದ ತೆಗೆದುಹಾಕುವುದು, ಕೊನೆಗೆ ಸಭೆಯಿಂದಲೇ ಹೊರಹಾಕುವುದು, ಶಿಕ್ಷೆ ಇಷ್ಟೇ. ಉಳಿದದ್ದನ್ನು ಬಲ್ಮಠದ ಮೇಡಂ ಹೇಳಲಿ.

ಉತ್ತರ (ಬಲ್ಮಠ, ಮಂಗಳೂರು)

ಹೇಳ್ತೇನೆ ಸರ್, ಈ ವಿಷಯ ನನಗೆ ಬಹಳ ಹತ್ತಿರದ್ದು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹಿರಿಯಳಾಗಿ ಕೆಲಸ ಮಾಡಿದವಳು ನಾನು. 1947ರಲ್ಲಿ ಸಿ.ಎಸ್.ಐ. ಆದಾಗ ಕೂಡಿಬಂದ ಪರಂಪರೆಗಳಲ್ಲಿ ಪ್ರೆಸ್ಬಿಟೇರಿಯನ್ನರದೂ ಒಂದು. ನಮಗೆ ಬಿಷಪ್ಪರು ಇದ್ದಾರೆ, ಅವರಿಗೆ ಇಲ್ಲ. ಅಲ್ಲಿ ಪಾದ್ರಿಯ ಮೇಲೆ ದೂರು ಬಂದರೆ ಕೇಳುವುದು ಪ್ರೆಸ್ಬಿಟರಿ, ಅಂದರೆ ಆ ಸೀಮೆಯ ಪಾದ್ರಿಗಳೂ ಸಭಾ ಹಿರಿಯರೂ ಕೂಡಿದ ಮಂಡಳಿ. ಅದರ ಮೇಲೆ ಹಲವು ಪ್ರೆಸ್ಬಿಟರಿಗಳು ಸೇರಿದ ಸಿನಡ್, ಅದಕ್ಕೂ ಮೇಲೆ ಜನರಲ್ ಅಸೆಂಬ್ಲಿ. ಹಾಗಾಗಿ ಬೀಚರ್ ನಿಂತದ್ದು ದಿನಾ ಮುಖ ನೋಡುವ ಜೊತೆಗಾರರ ಎದುರು. ದುಡ್ಡು ಕೊಟ್ಟು ವಕೀಲರನ್ನು ತರುವುದಕ್ಕೆ ಅವರ ಶಿಸ್ತು ನಿಯಮ ಬಿಡುತ್ತಿರಲಿಲ್ಲ. ತನ್ನ ಪರವಾಗಿ ಬೀಚರ್ ತಾವೇ ವಾದಿಸಿದರು. ಆಗ ಅವರಿಗೆ ಅರವತ್ತರ ಹತ್ತಿರದ ವಯಸ್ಸು, ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದರು. ಜೂನ್‌ನಲ್ಲಿ ವಿಚಾರಣೆ, ಜುಲೈಯಲ್ಲಿ ಆಕೆ ತೀರಿಕೊಂಡರು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗ್ತದೆ.

ದೂರು ಕೊಟ್ಟವರು ಅದೇ ಊರಿನ ಫಸ್ಟ್ ಪ್ರೆಸ್ಬಿಟೇರಿಯನ್ ಚರ್ಚಿನ ಜೋಶುವಾ ಲೇಸಿ ವಿಲ್ಸನ್. ಬೀಚರ್ 1832ರಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಲೇನ್ ಸೆಮಿನರಿಯ ಅಧ್ಯಕ್ಷರಾಗಿ ಬಂದು, ಸೆಕೆಂಡ್ ಚರ್ಚಿನ ಪಾಲಕರೂ ಆಗಿದ್ದರು. ದೇವರ ಆಜ್ಞೆ ಪಾಲಿಸುವ ಶಕ್ತಿ ಮನುಷ್ಯನಿಗೆ ಸ್ವಭಾವದಲ್ಲೇ ಇದೆ, ಅವನಿಗೆ ಇಲ್ಲದ್ದು ಮನಸ್ಸು ಅಂತ ಬೀಚರ್ ಬೋಧನೆ. ಪಾಪದಲ್ಲಿ ಬಿದ್ದುಹೋದ ಮನುಷ್ಯನಿಗೆ ಆ ಶಕ್ತಿಯೇ ಉಳಿದಿಲ್ಲ, ಪ್ರೆಸ್ಬಿಟೇರಿಯನ್ನರ ಬೋಧನೆಗೆ ಆಧಾರವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಹೇಳುವುದೇ ಅದು ಅಂತ ವಿಲ್ಸನ್ ಪಟ್ಟು.

ಈಗ ನಿಮ್ಮ ಮಾನಹಾನಿಗೆ ಬರ್ತೇನೆ. ನಾನು ಹೇಳುವುದನ್ನೇ ಸಭೆ ಮೊದಲಿಂದ ನಂಬಿಕೊಂಡು ಬಂದಿದೆ ಅಂತ ಬೀಚರ್ ಹೇಳಿದ್ದರು. ಅದು ಇಡೀ ದೇವರ ಸಭೆಯ ಮೇಲೆ ಹೊರಿಸಿದ ಸುಳ್ಳು ಅಂತ ವಿಲ್ಸನ್ ಬರೆದರು. ಜೊತೆಗೆ, ವಿಶ್ವಾಸ ಪ್ರಮಾಣವನ್ನು ಮನಸಾರೆ ಒಪ್ಪಿದ ಪಾದ್ರಿಗಳ ಮೇಲೆ ಜನ ಅಸಹ್ಯಪಡುವ ಹಾಗೆ ಮಾಡಿದರು, ಹದಿನೆಂಟನೇ ಶತಮಾನದ ಅಮೆರಿಕದ ದೇವತಾಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್‌ಗಿಂತ ಹಿಂದಿನ ಸುಧಾರಕರನ್ನೆಲ್ಲ ಅಜ್ಞಾನಿಗಳ ಸಾಲಿಗೆ ತಳ್ಳಿದರು ಅಂತಲೂ ಸೇರಿಸಿದರು. ಗಮನಿಸಿ ಸರ್, ಇಂಥವನು ಕಳ್ಳ, ಇಂಥವನು ಕುಡುಕ ಅಂತ ಬೀಚರ್ ಅಂದರು ಅನ್ನುವ ಆರೋಪ ಇದಲ್ಲ. ಬೋಧನೆಯ ಜಗಳವನ್ನೇ ತೆಗೆದು ಚಾಡಿಯ ಪಾಪ ಅಂತ ಹೆಸರಿಟ್ಟದ್ದು. ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿ ಹೇಳ್ತೇನೆ. ಬೋಧನೆ ತಪ್ಪಾಗಿದ್ದರೆ ಬೋಧನೆಯನ್ನೇ ಖಂಡಿಸಬಹುದಿತ್ತು. ಕಪಟಿ ಅಂತ ಕರೆದ ಮೇಲೆ ಆ ಮನುಷ್ಯ ಕೊಡುವ ಯಾವ ಉತ್ತರವನ್ನು ಯಾರು ನಂಬ್ತಾರೆ?

ಅವರ ಶಿಸ್ತು ಪುಸ್ತಕದಲ್ಲಿ ಇನ್ನೊಂದು ಕಲಮು ಉಂಟು. ಪಾದ್ರಿಯ ಮೇಲೆ ದೂರು ತರುವವನಿಗೆ ಮೊದಲೇ ಎಚ್ಚರಿಕೆ ಕೊಡಬೇಕು: ಆರೋಪಕ್ಕೆ ತಕ್ಕ ಆಧಾರ ತೋರಿಸದಿದ್ದರೆ ನೀನೇ ಮಾನಹಾನಿ ಮಾಡಿದವನು, ಸಭೆ ನಿನ್ನನ್ನು ಖಂಡಿಸುತ್ತದೆ. ನಮ್ಮ ಕಮಿಟಿಗಳಲ್ಲಿ ಮೂಕರ್ಜಿ ಬಂದಾಗೆಲ್ಲ ಈ ಕಲಮು ನಮಗೂ ಇದ್ದಿದ್ದರೆ ಅನ್ನಿಸಿದೆ.

ಉತ್ತರ (ಕಾರ್ಕಳ)

ಚಾಡಿ ಪಾಪ ಅನ್ನುವುದಕ್ಕೆ ಮೂಲ ಹತ್ತು ಆಜ್ಞೆಗಳಲ್ಲಿದೆ. ಸುಳ್ಳುಸಾಕ್ಷಿ ಹೇಳಬಾರದು ಅನ್ನುವುದು ನಮ್ಮ ಕಥೋಲಿಕರಿಗೆ ಎಂಟನೇ ಆಜ್ಞೆ, ಅವರಿಗೆ ಒಂಬತ್ತನೆಯದು. ಟಿಪ್ಪಣಿಯಲ್ಲಿ ಸಂಖ್ಯೆ ಹಾಕುವುದಾದರೆ ನೋಡಿಕೊಳ್ಳಿ. ಕೊನೆಗೆ ತೀರ್ಪು ಏನಾಯಿತು ಬಾಯಮ್ಮ?

ಉತ್ತರ (ಬಲ್ಮಠ, ಮಂಗಳೂರು)

ಪ್ರೆಸ್ಬಿಟರಿ ಬೀಚರನ್ನು ಬಿಡುಗಡೆ ಮಾಡಿತು. ವಿಲ್ಸನ್ ಸಿನಡ್‌ಗೆ ಹೋದರು. ಅಲ್ಲೂ ಬಿಡುಗಡೆ, ಆದರೆ ನಿಮ್ಮ ನಿಲುವನ್ನು ಅಚ್ಚು ಮಾಡಿಸಿ ಅಂತ ಬೀಚರಿಗೆ ಸೂಚನೆ ಕೊಟ್ಟರು, 1836ರಲ್ಲಿ ಅವರು ಮಾಡಿಸಿದರು ಕೂಡ. ವಿಲ್ಸನ್ ಜನರಲ್ ಅಸೆಂಬ್ಲಿಗೆ ಹಾಕಿದ ಮೇಲ್ಮನವಿಯನ್ನು ಆ ವರ್ಷ ಹಿಂತೆಗೆದುಕೊಂಡರು. ಜಗಳ ಮಾತ್ರ ಆರಲಿಲ್ಲ. 1837ರಲ್ಲಿ ಹಳೆಯ ಪಂಥದವರು, ಅಂದರೆ ವಿಲ್ಸನ್ ಕಡೆಯವರು, ಅಸೆಂಬ್ಲಿಯಲ್ಲಿ ನಾಲ್ಕು ಸಿನಡ್‌ಗಳನ್ನೇ ಹೊರಹಾಕಿದರು, ಸಭೆ ಎರಡಾಯಿತು.

ಉಪನ್ಯಾಸಕರಿಗೆ ಇನ್ನೊಂದು ಮಾತು. ಮಗಳ ಹೆಸರು ನೋಡಿ, ತಂದೆಯ ವಿಚಾರಣೆ ಗುಲಾಮಗಿರಿಯನ್ನು ವಿರೋಧಿಸಿದ್ದಕ್ಕೆ ಅಂತ ಮಕ್ಕಳು ತಿಳಿದುಕೊಳ್ತಾರೆ. ಹಾಗಲ್ಲ. 1834ರಲ್ಲಿ ಲೇನ್ ಸೆಮಿನರಿಯಲ್ಲಿ ವಿದ್ಯಾರ್ಥಿ ಥಿಯೊಡೋರ್ ವೆಲ್ಡ್ ಮತ್ತು ಗೆಳೆಯರು ಗುಲಾಮಗಿರಿಯ ಬಗ್ಗೆ ದಿನಗಟ್ಟಲೆ ಚರ್ಚೆ ನಡೆಸಿದರು. ಆಡಳಿತ ಮಂಡಳಿ ಅದಕ್ಕೆ ತಡೆ ಹಾಕಿತು, ಬಹುಪಾಲು ವಿದ್ಯಾರ್ಥಿಗಳು ಬಿಟ್ಟುಹೋದರು, ಅನೇಕರು ಓಬರ್ಲಿನ್ ಕಾಲೇಜು ಸೇರಿದರು. ಬೀಚರ್ ಅವರ ಜೊತೆ ಹೋಗಲಿಲ್ಲ. ಇದನ್ನೂ ವಿಚಾರಣೆಯನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ.