ರೋಮ್‌ನಿಂದ ಒರ್ವಿಯೆತೊ: ಅಮ್ಮನ ಮಂಡಿಗೆ ಆಗುತ್ತಾ?

ಪ್ರಶ್ನೆ:
ಅಮ್ಮನಿಗೆ 68, ಮಂಡಿ ನೋವು ಬೇರೆ. ರೋಮ್‌ನಿಂದ ಒಂದು ದಿನ ಒರ್ವಿಯೆತೊಗೆ ಹೋಗಿಬರುವ ಆಸೆ. ಬಂಡೆ ಮೇಲಿನ ಊರು ಅಂದರೆ ಬರೀ ಹತ್ತೋದೇನಾ?

ಉತ್ತರ 1:
ಧೈರ್ಯವಾಗಿ ಹೋಗಿ. ನಾನು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ರೈಲು ಇಳಿದರೆ ಎದುರಿಗೇ ಫ್ಯೂನಿಕ್ಯುಲರ್, ಹಳಿ ಮೇಲೆ ಓಡುವ ಡಬ್ಬಿ. ಕೆಲವೇ ನಿಮಿಷದಲ್ಲಿ ಮೇಲೆ ಬಿಡುತ್ತದೆ. ಅಲ್ಲಿಂದ ದುವೊಮೊಗೆ, ಅಂದರೆ ಊರಿನ ದೊಡ್ಡ ಚರ್ಚಿಗೆ, ಸಣ್ಣ ಬಸ್ಸಿದೆ.

ಆ ಚರ್ಚಿನ ಕೆಲಸ ಶುರುವಾದದ್ದು 1290ರಲ್ಲಿ. ಪಕ್ಕದ ಗೋಡೆಗಳಲ್ಲಿ ಕಪ್ಪು ಬಿಳಿ ಕಲ್ಲಿನ ಪಟ್ಟೆ, ಮುಂಭಾಗದಲ್ಲಿ ಬಂಗಾರದ ಮೊಸಾಯಿಕ್, ಅಂದರೆ ಸಣ್ಣ ಚೂರು ಜೋಡಿಸಿ ಮಾಡಿದ ಚಿತ್ರ. ಸಂಜೆ ಬಿಸಿಲು ಬಿದ್ದಾಗ ನೋಡಿ. ಅತ್ತೆ ಎದುರಿನ ಕಲ್ಲು ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ! ಒಳಗೆ ಸಿನ್ಯೊರೆಲ್ಲಿ ಬರೆದ ನರಕದ ಚಿತ್ರ ಮಾತ್ರ ಅವರಿಗೆ ಹಿಡಿಸಲಿಲ್ಲ. "ಊಟದ ಮುಂಚೆ ಇದೆಲ್ಲ ಬೇಕಿತ್ತಾ?" ಅಂದರು.

ಉತ್ತರ 2:
ಅಲ್ಲಿ ಸಂತ ಪತ್ರಿತ್ಸಿಯೊ ಬಾವಿ ಅಂತ ಹಳೇ ಆಳದ ಬಾವಿಯಿದೆ, ಅದಕ್ಕೆ ಅಮ್ಮನನ್ನು ಇಳಿಸಬೇಡಿ. 248 ಮೆಟ್ಟಿಲು, ಇಳಿದಷ್ಟೂ ಹತ್ತಬೇಕು ಅಲ್ವಾ.

ಉತ್ತರ 1:
ಹೌದು, ಅದನ್ನು ಮರೆತಿದ್ದೆ. ಆದರೆ ನೀವು ಇಳಿಯಿರಿ. 1527ರಲ್ಲಿ ರೋಮ್ ಲೂಟಿಯಾದಾಗ ಓಡಿಬಂದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ನೀರಿರಲಿ ಅಂತ ತೋಡಿಸಿದ್ದು. ಸುರುಳಿ ಮೆಟ್ಟಿಲು ಎರಡು ಸಾಲು. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುತ್ತಿದ್ದವು, ಡಿಕ್ಕಿಯ ಮಾತೇ ಇಲ್ಲ.

ಇನ್ನೊಂದು ಮಾತು. ಕಾಗದದ ರೈಲು ಟಿಕೆಟ್ ಆದರೆ ಹತ್ತುವ ಮೊದಲೇ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಿ. ನಾನು ಮರೆತು ದಂಡ ಕಟ್ಟಿದೆ.

ಪ್ರಶ್ನೆ ಕೇಳಿದವರು:
ಬಾವಿಗೆ ನಾನೊಬ್ಬಳೇ ಇಳಿಯುತ್ತೇನೆ. ಅಮ್ಮನಿಗೆ ಜೆಲಾಟೊ ಕೊಡಿಸಿ ಕೂರಿಸಿದರೆ ಆಯಿತು.