ಚಳಿಗಾಲದ ತರಬೇತಿಗೆ ಸ್ಪಿನ್ ಬೈಕ್: ಫ್ಲೈವೀಲಿನ ತೂಕ ಎಷ್ಟು ಮುಖ್ಯ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ರೋಡ್ ಸೈಕಲ್ ತುಳಿಯುವವನು. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದಲೂ ರಸ್ತೆ ಜಾರುವುದರಿಂದಲೂ ಹೊರಗಿನ ಅಭ್ಯಾಸ ನಿಂತುಹೋಗುತ್ತದೆ. ಮತ್ತೆ ರಸ್ತೆಗಿಳಿಯುವಷ್ಟರಲ್ಲಿ ಗಳಿಸಿದ ಕಸುವಿನ ಬಹುಪಾಲು ಕರಗಿರುತ್ತದೆ. ಈ ಸಲ ಮನೆಯೊಳಗೇ ತರಬೇತಿ ಮುಂದುವರಿಸಲು ಒಂದು ಸ್ಪಿನ್ ಬೈಕ್ (ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್) ಕೊಳ್ಳಬೇಕೆಂದಿದ್ದೇನೆ. ಆದರೆ ಜಾಹೀರಾತುಗಳೆಲ್ಲ ಫ್ಲೈವೀಲಿನ, ಅಂದರೆ ಪೆಡಲು ತುಳಿದಾಗ ತಿರುಗುವ ಭಾರದ ಚಕ್ರದ, ತೂಕವನ್ನೇ ಮುಂದಿಡುತ್ತವೆ: ಒಂದರಲ್ಲಿ 13 ಕಿಲೋ, ಮತ್ತೊಂದರಲ್ಲಿ 18, ಇನ್ನೊಂದರಲ್ಲಿ 22. ತೂಕ ಹೆಚ್ಚಿದಷ್ಟೂ ಒಳ್ಳೆಯದೇ? ಪ್ರತಿರೋಧಕ್ಕೆ ಬ್ರೇಕ್ ಪ್ಯಾಡ್ ಇರುವುದನ್ನು ಕೊಳ್ಳಬೇಕೋ, ಅಯಸ್ಕಾಂತ ಇರುವುದನ್ನೋ? ನಾವಿರುವುದು ಮಹಡಿಯ ಮೇಲಿನ ಮನೆ. ಕೆಳಗಿನವರಿಗೆ ಸದ್ದಿನಿಂದ ತೊಂದರೆಯಾಗಬಾರದು. ನನ್ನ ಪತ್ನಿಯೂ ಇದನ್ನೇ ಬಳಸುತ್ತಾರೆ, ಅವರ ಎತ್ತರ ನನಗಿಂತ ಸಾಕಷ್ಟು ಕಡಿಮೆ.

ಉತ್ತರ 1

ತೂಕದ ಅಂಕಿಯೊಂದನ್ನೇ ನಂಬಿ ಕೊಳ್ಳಬೇಡಿ. ತಿರುಗುವ ಚಕ್ರದಲ್ಲಿ ಕೂಡಿಟ್ಟ ಶಕ್ತಿ ಅದರ ತೂಕವನ್ನಷ್ಟೇ ಅಲ್ಲದೆ, ಆ ತೂಕ ಅಂಚಿನ ಕಡೆಗೆ ಎಷ್ಟರಮಟ್ಟಿಗೆ ಇದೆ, ಚಕ್ರ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಪೆಡಲಿನ ಒಂದು ಸುತ್ತಿಗೆ ಹೆಚ್ಚು ಸಲ ತಿರುಗುವ ಹಗುರವಾದ ಚಕ್ರವೂ, ನಿಧಾನವಾಗಿ ತಿರುಗುವ ಭಾರವಾದ ಚಕ್ರದಷ್ಟೇ ನಯವಾದ ಅನುಭವ ಕೊಡಬಲ್ಲದು. ಸಾಧ್ಯವಿದ್ದರೆ ಕುಳಿತು ತುಳಿದು ನೋಡಿ: ನಿಮಿಷಕ್ಕೆ 60 ಸುತ್ತಿನಲ್ಲಿ, ಗಟ್ಟಿ ಪ್ರತಿರೋಧ ಇಟ್ಟುಕೊಂಡು ತುಳಿಯುವಾಗ ಪೆಡಲು ಮೇಲೆ ಮತ್ತು ಕೆಳಗೆ ಬರುವ ಜಾಗದಲ್ಲಿ ತಡೆದು ತಡೆದು ಹೋದಂತೆ ಅನಿಸಿದರೆ ಆ ಯಂತ್ರ ಬೇಡ.

ಬ್ರೇಕಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ, ನಿಮ್ಮ ಮನೆಗೆ ಅಯಸ್ಕಾಂತದ್ದೇ ಸರಿ. ಉಣ್ಣೆಯ ಅಥವಾ ಚರ್ಮದ ಪ್ಯಾಡು ಚಕ್ರಕ್ಕೆ ಉಜ್ಜುತ್ತಾ ಸವೆಯುತ್ತದೆ, ಪುಡಿ ಉದುರಿಸುತ್ತದೆ, ಒಣಗಿದಾಗ ಕಿರುಗುಟ್ಟುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಯಾದಂತೆ ಅದರ ಹಿಡಿತ ಬದಲಾಗುವುದರಿಂದ ನಿನ್ನೆ ಪ್ರತಿರೋಧದ ನಾಬ್ ತಿರುಗಿಸಿಟ್ಟ ಜಾಗಕ್ಕೂ ಇಂದಿನ ಭಾರಕ್ಕೂ ಹೊಂದಿಕೆಯಾಗುವುದಿಲ್ಲ. ಅಯಸ್ಕಾಂತದ ಬ್ರೇಕಿನಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಚಲಿಸುವ ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತೇ ಚಕ್ರವನ್ನು ಹಿಂದಕ್ಕೆಳೆಯುತ್ತದೆ. ಅದರೊಂದಿಗೆ ಚೈನಿನ ಬದಲು ಬೆಲ್ಟ್ ಇದ್ದರೆ ಸದ್ದು ಬಹಳ ಕಡಿಮೆಯಾಗುತ್ತದೆ, ಎಣ್ಣೆ ಹಾಕುವ ಕೆಲಸವೂ ಇರುವುದಿಲ್ಲ. ಕೆಳಗಿನ ಮನೆಗೆ ತಲುಪುವುದು ಹೆಚ್ಚಾಗಿ ನೆಲದ ಮೂಲಕ ಹೋಗುವ ಕಂಪನವಾದ್ದರಿಂದ, ದಪ್ಪ ರಬ್ಬರ್ ಮ್ಯಾಟ್ ಹಾಕಿ ನಾಲ್ಕೂ ಕಾಲುಗಳನ್ನು ಮಟ್ಟಸವಾಗಿ ನಿಲ್ಲಿಸಿರಿ.

ಉತ್ತರ 2

ಮೇಲಿನವರ ಮಾತು ನಿಜ, ಆದರೆ ನಾನು ಎಲ್ಲಕ್ಕಿಂತ ಮೊದಲು ಯಂತ್ರದ ಅಳತೆಗಳನ್ನು ನೋಡುತ್ತೇನೆ. ವಾರಕ್ಕೆ ಹಲವು ಗಂಟೆ ತಪ್ಪು ಭಂಗಿಯಲ್ಲಿ ತುಳಿದರೆ ಚಳಿಗಾಲದ ಕೊನೆಗೆ ಕಸುವಿನ ಜೊತೆಗೆ ಮಂಡಿನೋವೂ ಬರುತ್ತದೆ. ಅಂಗಡಿಗೆ ಹೋಗುವ ಮುಂಚೆ ಅಳತೆ ಟೇಪು ಹಿಡಿದು ನಿಮ್ಮ ರೋಡ್ ಸೈಕಲನ್ನು ಅಳೆಯಿರಿ: ಕ್ರ್ಯಾಂಕ್ (ಪೆಡಲು ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ, ಸೀಟಿನ ಮೂತಿಯಿಂದ ಹ್ಯಾಂಡಲಿನವರೆಗೆ, ಮತ್ತು ಸೀಟಿಗಿಂತ ಹ್ಯಾಂಡಲ್ ಎಷ್ಟು ತಗ್ಗಿನಲ್ಲಿದೆ ಎಂಬುದು. ಈ ಮೂರೂ ಅಳತೆಗಳು ಸ್ಪಿನ್ ಬೈಕಿನಲ್ಲಿ ಸಿಗಬೇಕು, ಪತ್ನಿಯವರ ಅಳತೆಯೂ ಅದೇ ಯಂತ್ರದಲ್ಲಿ ಕೂರಬೇಕು. ಹಲವು ಅಗ್ಗದ ಮಾದರಿಗಳಲ್ಲಿ ಹ್ಯಾಂಡಲ್ ಮೇಲೆ ಕೆಳಗೆ ಮಾತ್ರ ಹೋಗುತ್ತದೆ, ಹಿಂದೆ ಮುಂದೆ ಸರಿಯುವುದಿಲ್ಲ. ಇಬ್ಬರು ಬಳಸುವ ಮನೆಗೆ ಅದು ಆಗದು. ಸೀಟಿನ ಕಂಬದಲ್ಲಿ ದೂರ ದೂರ ತೂತುಗಳಿದ್ದರೆ ನಿಮಗೆ ಬೇಕಾದ ಎತ್ತರ ಎರಡು ತೂತುಗಳ ನಡುವೆ ಬಿದ್ದುಹೋಗುವ ಸಾಧ್ಯತೆಯಿದೆ, ಆದ್ದರಿಂದ ಎಲ್ಲಿ ಬೇಕಾದರೂ ನಿಲ್ಲುವ ಲಿವರ್ ಇರುವುದನ್ನು ಹುಡುಕಿ.

ಎರಡು ಪೆಡಲುಗಳ ನಡುವಿನ ಅಗಲವನ್ನೂ ಕೇಳಿ ತಿಳಿಯಿರಿ. ರೋಡ್ ಸೈಕಲಿನಲ್ಲಿ ಎರಡೂ ಕ್ರ್ಯಾಂಕುಗಳ ಹೊರಮೈಗಳ ನಡುವೆ ಸುಮಾರು 150 ಮಿಲಿಮೀಟರ್ ಇರುತ್ತದೆ. ಕೆಲವು ಸ್ಪಿನ್ ಬೈಕುಗಳಲ್ಲಿ ಇದು ಎಷ್ಟೋ ಹೆಚ್ಚಾಗಿ, ಕಾಲುಗಳು ಅಗಲವಾಗಿ ಸೊಂಟ ಹಿಡಿದಂತಾಗುತ್ತದೆ. ಆದರೆ ಪೆಡಲಿನ ಬಗ್ಗೆ ಚಿಂತೆ ಬೇಡ. ಸಾಮಾನ್ಯವಾಗಿ ತಿರುಪಿನ ಥ್ರೆಡ್ ಒಂದೇ ಅಳತೆಯದು, ನಿಮ್ಮ ಸೈಕಲಿನ ಪೆಡಲನ್ನೇ ಬಿಚ್ಚಿ ಹಾಕಬಹುದು. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ ಇರುತ್ತದೆಂಬುದು ನೆನಪಿರಲಿ.

ಉತ್ತರ 3

ತಾವು ಆರೋಗ್ಯಕ್ಕಾಗಿ ತುಳಿಯುವವರಲ್ಲ, ತರಬೇತಿಗೆಂದು ಕೊಳ್ಳುತ್ತಿದ್ದೀರಿ. ಆದ್ದರಿಂದ ವಾಟ್ ತೋರಿಸುವ ಯಂತ್ರವನ್ನೇ ಆರಿಸಿಕೊಳ್ಳಿ. ಪರದೆಯ ಮೇಲಿನ ಕಿಲೋಮೀಟರುಗಳಿಗೆ ರಸ್ತೆಯ ಕಿಲೋಮೀಟರುಗಳೊಂದಿಗೆ ಸಂಬಂಧವೇ ಇಲ್ಲ. ವಾಟ್ ಎಂದರೆ ಪೆಡಲಿನ ತಿರುಗುಬಲ ಮತ್ತು ಕೋನೀಯ ವೇಗಗಳ ಗುಣಲಬ್ಧ: ನಿಮಿಷಕ್ಕೆ 90 ಸುತ್ತಿನಲ್ಲಿ 20 ನ್ಯೂಟನ್-ಮೀಟರ್ ತಿರುಗುಬಲ ಹಾಕಿದರೆ ಸುಮಾರು 188 ವಾಟ್. ಕೆಲವು ಯಂತ್ರಗಳು ಈ ಬಲವನ್ನು ನಿಜವಾಗಿ ಅಳೆಯುತ್ತವೆ, ಕೆಲವು ನಾಬಿನ ಸ್ಥಾನ ಮತ್ತು ವೇಗದಿಂದ ಅಂದಾಜು ಮಾಡುತ್ತವೆ. ಯಾವುದೆಂದು ಕೇಳಿ. ಅಂದಾಜಿನದೇ ಆದರೂ ಪ್ರತಿದಿನ ಒಂದೇ ರೀತಿ ತೋರಿಸಿದರೆ ಸಾಕು, ಕಸುವಿನ ಪರೀಕ್ಷೆಯನ್ನೂ ಅದರ ಮೇಲೆಯೇ ಮಾಡಿಕೊಂಡು ನಿಮ್ಮ ತರಬೇತಿಯ ಮಟ್ಟಗಳನ್ನು ಗೊತ್ತುಮಾಡಿಕೊಳ್ಳಿ. ರಸ್ತೆಯ ಅಂಕಿಗಳನ್ನು ಒಳಗೆ ತರಬೇಡಿ. ಬ್ಲೂಟೂತ್ ಇದ್ದರೆ ಝ್ವಿಫ್ಟ್‌ನಂತಹ ಸೈಕಲ್ ತರಬೇತಿಯ ಆ್ಯಪುಗಳಿಗೆ ಈ ಅಂಕಿಗಳನ್ನು ಕಳಿಸುತ್ತದೆಯೇ, ಅಥವಾ ತಯಾರಕರ ಸ್ವಂತ ಆ್ಯಪಿಗೆ ಮಾತ್ರವೇ ಎಂಬುದು ಕೊಳ್ಳುವ ಮುಂಚೆಯೇ ಖಚಿತವಾಗಲಿ.

ಫ್ಯಾನನ್ನು ಮರೆಯಬೇಡಿ. ದೇಹ 200 ವಾಟ್ ಕೆಲಸ ಮಾಡುವಾಗ ಅದರ ಮೂರು ನಾಲ್ಕು ಪಟ್ಟು ಶಕ್ತಿ ಶಾಖವಾಗಿ ಹೋಗುತ್ತದೆ, ಮನೆಯೊಳಗೆ ಅದನ್ನು ಹೊತ್ತೊಯ್ಯುವ ಎದುರುಗಾಳಿ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅಯಸ್ಕಾಂತ, ಬೆಲ್ಟ್, ನಾಲ್ಕು ಕಡೆಯ ಹೊಂದಾಣಿಕೆ, ವಾಟ್ ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಇರುವ ಸೈಕಲನ್ನೇ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್) ಮೇಲೆ ಕೂರಿಸುವುದು ಇದಕ್ಕಿಂತ ಮೇಲೇ?

ಉತ್ತರ 3

ಒಬ್ಬರೇ ಬಳಸುವುದಾಗಿದ್ದರೆ ಖಂಡಿತ ಹೌದು ಎನ್ನುತ್ತಿದ್ದೆ, ಏಕೆಂದರೆ ಭಂಗಿ ಬದಲಾಗುವ ಪ್ರಶ್ನೆಯೇ ಬರುವುದಿಲ್ಲ. ಇಬ್ಬರಿಗೆ ಪ್ರತಿಸಲ ಸೈಕಲ್ ಬದಲಿಸುವುದು ಬೇಸರ ತರಿಸಿ, ಕೊನೆಗೆ ಒಬ್ಬರು ಬಿಟ್ಟುಬಿಡುತ್ತಾರೆ. ನಿಮಗೆ ಸ್ಪಿನ್ ಬೈಕೇ ಸರಿ. ಒಂದು ಎಚ್ಚರಿಕೆ: ಎಷ್ಟೋ ಮಾದರಿಗಳಲ್ಲಿ ಫ್ಲೈವೀಲ್ ತಿರುಗುತ್ತಿರುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ, ಕಾಲು ನಿಲ್ಲಿಸಲು ಬರುವುದಿಲ್ಲ. ನಾಬನ್ನು ಕೆಳಕ್ಕೊತ್ತಿ ನಿಲ್ಲಿಸುವುದನ್ನು ಇಬ್ಬರೂ ಮೊದಲ ದಿನವೇ ಅಭ್ಯಾಸ ಮಾಡಿಕೊಳ್ಳಿ.

ಉತ್ತರ 1

ಇನ್ನೊಂದು ಮಾತು: ಬೆವರು ನೇರವಾಗಿ ಹ್ಯಾಂಡಲ್ ಕಂಬದ ಬುಡಕ್ಕೂ ನಾಬಿನ ಸಂದಿಗೂ ಇಳಿಯುತ್ತದೆ. ಅಲ್ಲಿ ಬಿಳಿಯ ಉಪ್ಪು ಕಟ್ಟಿ ಬೋಲ್ಟುಗಳು ತುಕ್ಕು ಹಿಡಿದರೆ ಹೊಂದಾಣಿಕೆಯ ಕಂಬವೇ ಕಚ್ಚಿಕೊಳ್ಳುತ್ತದೆ. ಹ್ಯಾಂಡಲಿನ ಮೇಲೆ ಟವೆಲ್ ಹಾಸಿಕೊಳ್ಳಿ, ಇಳಿದ ಕೂಡಲೇ ಆ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ, ತಿಂಗಳಿಗೊಮ್ಮೆ ಕಂಬಗಳನ್ನು ಪೂರ್ತಿ ಹೊರತೆಗೆದು ಗ್ರೀಸ್ ಸವರಿ ಇಡಿ.